ಮೈಕಣ್ಣನ ಹನ್ನೆರಡು ನಿಮಿಷ

"ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿದವನ ಕೈಗೆ ಮನುಷ್ಯರ ಗಂಟಲು ಕೊಟ್ಟರೆ ಹೀಗೇ ಆಗೋದು!"

ಸ್ಟುಡಿಯೋ ಮಾಲೀಕರು ಇದನ್ನು ಒಳಗೆ ಕರೆದು ಹೇಳಲಿಲ್ಲ. ಫೋಟೋ ತೆಗೆಸಿಕೊಳ್ಳಲು ತಲೆ ಬಾಚಿಕೊಂಡು ಕೂತಿದ್ದ ನಾಲ್ಕು ಜನರ ಎದುರಿಗೆ, ಬೀದಿಗೆ ಕೇಳುವ ಹಾಗೆ ಹೇಳಿದರು. ಒಬ್ಬನ ಬಾಚಣಿಗೆ ತಲೆಯ ಮೇಲೇ ನಿಂತಿತು. ಚೌಕಳಿ ಶರ್ಟಿನವನೊಬ್ಬ ಕಿಸಕ್ಕನೆ ನಕ್ಕ.

ಬೈಸಿಕೊಂಡವನನ್ನು ಆ ಅಂಗಡಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ವೈರು ಅಂತ. ಮೈ ವೈರಿನಷ್ಟೇ ತೆಳ್ಳಗೆ, ಕೊರಳಲ್ಲಿ ಸದಾ ಯಾವುದಾದರೊಂದು ವೈರು. ಜನ ತಂದುಕೊಟ್ಟ ವಿಡಿಯೋಗಳಿಂದ ಧ್ವನಿಯನ್ನಷ್ಟೇ ಬಿಡಿಸಿ, ಎಂಪಿತ್ರೀ ಮಾಡಿ, ಫೋನಿಗೋ ಕಾರ್ಡಿಗೋ ತುಂಬಿ ಕೊಡುವುದು ಅವನ ಕೆಲಸ. ನೂರು ಪಾಲು ಜಾಗ ತಿನ್ನುವ ವಿಡಿಯೋ ಅವನ ಕೈಯಿಂದ ಹೊರಬರುವಾಗ ಒಂದೆರಡು ಪಾಲಾಗಿರುತ್ತಿತ್ತು. ಹದಿನಾಲ್ಕನೇ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸ. ಕಲಿಸಿದವರು ಯಾರೂ ಇಲ್ಲ. ಕೆಡಿಸಿ ಕೆಡಿಸಿ ಕಲಿತದ್ದು.

ಇವತ್ತು ಕೆಡಿಸಿದ್ದಾನೆ ಅನ್ನುವುದೇ ಆರೋಪ. ಆರೋಪ ಹೊತ್ತು ಬಂದವರು ಕೌಂಟರಿನ ಆಚೆ ನಿಂತಿದ್ದರು: ಟೇಲರಮ್ಮ ಮತ್ತು ಅವರ ಗಂಡ ಮೈಕಣ್ಣ.

ಮೈಕಣ್ಣ ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸು ಹೊರಡುವ ವೇಳೆ ಕೂಗಿದವರು. ನಿವೃತ್ತಿಯ ದಿನ ಜೊತೆಗಾರರು ಸಭಾಂಗಣದಲ್ಲಿ ಸೇರಿ, ಕೊನೆಯ ಸಲ ಒಮ್ಮೆ ಕೂಗಣ್ಣ ಅಂತ ಗಂಟು ಬಿದ್ದಿದ್ದರು. ಆ ಹನ್ನೆರಡು ನಿಮಿಷದ ವಿಡಿಯೋ ತೆಗೆದದ್ದು ಇದೇ ಸ್ಟುಡಿಯೋ. ಅದಾಗಿ ವರ್ಷ ತುಂಬುವ ಮೊದಲೇ ಡಾಕ್ಟರು ಗಂಟಲು ಕೊಯ್ದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಹೆಂಡತಿಯನ್ನು ಕರೆಯಬೇಕಾದರೆ ಮೈಕಣ್ಣ ಲೋಟವನ್ನು ಮೇಜಿಗೆ ಕುಟ್ಟುತ್ತಾರೆ.

ಹೋದ ವಾರ ಟೇಲರಮ್ಮ ಬಂದು ಕೇಳಿದ್ದು ಒಂದೇ ಮಾತು. "ಚಿತ್ರ ಬೇಡಪ್ಪ, ಮುಖ ದಿನಾ ನೋಡ್ತೀನಿ. ಮಾತು ಮಾತ್ರ ತೆಕ್ಕೊಡು. ಮಿಷನ್ ತುಳೀತಾ ಕೇಳ್ತೀನಿ."

ವೈರು ತೆಗೆದುಕೊಟ್ಟಿದ್ದ. ಮನೆಗೆ ಹೋಗಿ ಅವರ ಗುಂಡಿ ಫೋನಿನಲ್ಲಿ ಹಾಕಿದರೆ ಹನ್ನೆರಡು ನಿಮಿಷ ಬರೀ ಸುಯ್ ಅನ್ನುವ ಸದ್ದು. ಮಾತೇ ಇಲ್ಲ. ಮೂಲ ವಿಡಿಯೋದಿಂದ ಮತ್ತೆ ತೆಗೆಯೋಣ ಅಂದರೆ, ನಿನ್ನೆ ಬೆಳಿಗ್ಗೆಯಷ್ಟೇ ಮಾಲೀಕರು ಹೊಸ ಆರ್ಡರಿಗೆ ಜಾಗ ಬೇಕೆಂದು ಆ ಹಾರ್ಡ್ ಡಿಸ್ಕನ್ನು ಗುಡಿಸಿ ಹಾಕಿದ್ದರು.

"ಹಾಗಾದ್ರೆ ಇನ್ನೆಲ್ಲೂ ಇಲ್ವಾ?" ಟೇಲರಮ್ಮ ಮೆಲ್ಲಗೆ ಕೇಳಿದರು.

"ಏನ್ ಮಾಡೋದಮ್ಮ, ಈ ಮುಠ್ಠಾಳ ಮುಗಿಸಿಬಿಟ್ಟ," ಅಂದರು ಮಾಲೀಕರು. "ಲೋ, ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು."

ಮೈಕಣ್ಣ ಎರಡೂ ಕೈ ಅಡ್ಡಡ್ಡ ಆಡಿಸಿದರು. ಬೇಡ, ಬೇಡ. ಕುತ್ತಿಗೆಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿಕೊಂಡು, ಹೊರಡೋಣ ಅನ್ನುವಂತೆ ಹೆಂಡತಿಯ ತೋಳು ಮುಟ್ಟಿದರು. ಆ ಬೇಡ ಬೇಡ ಅನ್ನುವ ಕೈಯೇ ವೈರುವಿನ ಎದೆಗೆ ಗುದ್ದಿದ ಹಾಗಾಯಿತು. ಮಾಲೀಕರ ಬೈಗುಳ ದಿನದ ಹಾಜರಿ ಇದ್ದಂತೆ. "ಬಾಯಿ ಹಿಡ್ಕೊಂಡಿರು, ಕೆಲಸ ಉಳಿಯುತ್ತೆ" ಅಂತ ಅಮ್ಮ ದಿನವೂ ಬಾಗಿಲಲ್ಲಿ ಹೇಳಿ ಕಳಿಸುತ್ತಿದ್ದಳು. ಅವನೂ ಹಿಡಿದುಕೊಂಡೇ ಇದ್ದ. ಆದರೆ ಆ ಫೈಲನ್ನು ಅವನು ತನ್ನ ಎರಡು ಕಿವಿಯಿಂದ ಕೇಳಿಯೇ ಕೊಟ್ಟಿದ್ದ. ಮಾತಿತ್ತು. ನಗುವಿತ್ತು. ಕೇಳಿದ್ದು ಸುಳ್ಳಾಗಲು ಹೇಗೆ ಸಾಧ್ಯ?

"ಫೋನ್ ಕೊಡಿಯಮ್ಮ."

"ಮುಟ್ಟಬೇಡ ಅದನ್ನ!" ಮಾಲೀಕರು ಗದರಿದರು.

"ಮುಟ್ತೀನಿ ಸಾರ್."

ಅಷ್ಟು ಹೇಳಿದ್ದಕ್ಕೇ ಪ್ರಿಂಟಿಂಗ್ ಮಿಷನ್ನಿನ ಹತ್ತಿರ ಫೋಟೋ ಕತ್ತರಿಸುತ್ತಿದ್ದ ಅಕ್ಕ ಕತ್ತರಿ ನಿಲ್ಲಿಸಿದಳು. ಆ ಅಂಗಡಿಯಲ್ಲಿ ಯಾರೂ ಹಾಗೆ ಅಂದವರಿಲ್ಲ.

ವೈರು ಫೋನನ್ನು ಕಿವಿಗೆ ಹಿಡಿದ. ಸುಯ್. ಫೋನಿನೊಳಗಿನ ಮೆಮೊರಿ ಕಾರ್ಡನ್ನು ತೆಗೆದು ಕಂಪ್ಯೂಟರಿಗೆ ಹಾಕಿ, ತನ್ನ ಇಯರ್‌ಫೋನ್ ಚುಚ್ಚಿಕೊಂಡ. ಮಾತು! ಗಂಟೆ ಹೊಡೆದ ಹಾಗಿತ್ತು. ಎಡಗಿವಿಯದನ್ನು ಕಿತ್ತ, ಮಾತಿತ್ತು. ಅದನ್ನು ಸಿಕ್ಕಿಸಿ ಬಲಗಿವಿಯದನ್ನು ಕಿತ್ತ, ಮಾತಿತ್ತು. ಎರಡನ್ನೂ ಕೂಡಿಸಿ ಒಂದೇ ಸ್ಪೀಕರಿನಲ್ಲಿ ಬಿಡುವಂತೆ ಗುಂಡಿ ಒತ್ತಿದ. ಸುಯ್.

ತೆರೆಯ ಮೇಲೆ ಧ್ವನಿಯ ಅಲೆಗಳನ್ನು ಎಳೆದು ದೊಡ್ಡದು ಮಾಡಿದ. ಎಡಗಿವಿಯ ಗೆರೆ ಮೇಲೇರಿದ ಕಡೆಯೆಲ್ಲ ಬಲಗಿವಿಯ ಗೆರೆ ಅಷ್ಟೇ ಕೆಳಗಿಳಿದಿತ್ತು. ಅಲ್ಲಿ ಗುಡ್ಡ, ಇಲ್ಲಿ ಅದೇ ಅಳತೆಯ ಗುಂಡಿ. ಎರಡು ಕಿವಿಗೆ ಬೇರೆ ಬೇರೆ ಬಿಟ್ಟರೆ ಎರಡೂ ಮಾತೇ. ಒಂದೇ ಸ್ಪೀಕರಿನ ಬಡಪಾಯಿ ಫೋನು ಎರಡನ್ನೂ ಕೂಡಿಸುತ್ತದೆ. ಗುಡ್ಡದ ಮಣ್ಣು ಗುಂಡಿಗೆ ಬಿದ್ದು ನೆಲ ಸಪಾಟಾಗುತ್ತದೆ.

ತಾನು ಫೋನಿನಲ್ಲಿ ಹಾಕಿ ನೋಡದೆ ಕೊಟ್ಟದ್ದು ತಪ್ಪು. ಆ ತಪ್ಪನ್ನು ಅವನು ನುಂಗಿಕೊಂಡ. ಮಿಕ್ಕದ್ದನ್ನು ನುಂಗುವವನಿರಲಿಲ್ಲ.

"ಅಮ್ಮ, ಇದೊಂದು ಕಿವಿಗೆ ಹಾಕ್ಕೊಳ್ಳಿ. ಇನ್ನೊಂದು ಅಣ್ಣನಿಗೆ ಕೊಡಿ."

ಒಂದೇ ವೈರಿನ ಎರಡು ತುದಿಗೆ ಇಬ್ಬರೂ ತಲೆ ತಂದರು. ಟೇಲರಮ್ಮನ ಕಣ್ಣು ಮೊದಲು ದೊಡ್ಡದಾಯಿತು. ಆಮೇಲೆ ಅವರು ಗಂಡನ ತೋಳಿಗೆ ಪಟ್ಟನೆ ಒಂದೇಟು ಹಾಕಿದರು. "ಅಯ್ಯೋ ನಿಮ್ಮ! ಊಟದ ಡಬ್ಬಿ ವಿಷ್ಯ ಎಲ್ಲಾ ಮೈಕಲ್ಲಿ ಹೇಳಿದೀರಲ್ರೀ!"

ಮೈಕಣ್ಣನ ಹೆಗಲು ಕುಲುಕಾಡಿತು. ನಗುತ್ತಿದ್ದರು. ಸದ್ದಿಲ್ಲದ ನಗು.

ವೈರು ಆ ಹೊತ್ತಿಗೆ ಎಡಗಿವಿಯ ಧ್ವನಿಯೊಂದನ್ನೇ ಉಳಿಸಿ, ಬಲದ್ದನ್ನು ತೆಗೆದು, ಹೊಸ ಎಂಪಿತ್ರೀ ಮಾಡಲು ಬಿಟ್ಟಿದ್ದ. ಕೆಲಸ ಮುಗಿದದ್ದನ್ನು ತೋರಿಸುವ ಪಟ್ಟಿ ತೆರೆಯ ಮೇಲೆ ತುಂಬಿತು. ಕಾರ್ಡನ್ನು ಫೋನಿಗೆ ಸಿಕ್ಕಿಸಿ, ಸದ್ದು ಪೂರ್ತಿ ಏರಿಸಿ, ಕೌಂಟರಿನ ಮೇಲಿಟ್ಟ.

"ಪ್ರಯಾಣಿಕರ ಗಮನಕ್ಕೆ! ಮೂರನೇ ಸಾಲಿನ ಬಸ್ಸು ಹೊರಡಲು ಸಿದ್ಧವಾಗಿದೆ. ಹೊರಟ ಮೇಲೆ ಓಡಿಬರೋರು ದಯವಿಟ್ಟು ಈಗಲೇ ಓಡಿಬನ್ನಿ! ನನ್ನ ಹೆಂಡತಿ ಎಲ್ಲಿದ್ದರೂ ಊಟದ ಡಬ್ಬಿ ಸಮೇತ ಮೈಕಿನ ಹತ್ತಿರ ಬರಬೇಕು..."

ಅಂಗಡಿ ಅಂಗಡಿಯೇ ನಕ್ಕಿತು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಅಭ್ಯಾಸಬಲದಿಂದ ನಿಂತು ಹಿಂದೆ ನೋಡಿದ.

ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಲೀಕರು. "ನೋಡಿದ್ರಾ ನಮ್ಮ ಹುಡುಗನ್ನ! ಬೈದ್ರೇನೇ ಇವನಿಗೆ ತಲೆ ಓಡೋದು. ಎಲ್ಲಾ ನಾನೇ ಕಲಿಸಿದ್ದು."

ವೈರು ಎದ್ದು ನಿಂತ.

"ನೀವು ಕಲಿಸಿದ್ದು ಬೇರೆ ಸಾರ್. ವಿಡಿಯೋದಿಂದ ಸೌಂಡ್ ತೆಗೆಯುವಾಗ ಎಡ ಬಲ ಕೂಡಿಸಿ ಒಂದು ಮಾಡು, ಫೈಲು ಚಿಕ್ಕದಾಗುತ್ತೆ, ಬೇಗ ಮುಗಿಯುತ್ತೆ ಅಂದಿದ್ರಿ. ದಿನಾ ಅಂತೀರಿ. ನಾನು ಇವರ ಫೈಲನ್ನ ಒಂದು ಮಾಡಲಿಲ್ಲ. ಎರಡೂ ಬಿಟ್ಟೆ. ನಿಮ್ಮ ಮಾತು ಕೇಳಿದ್ದಿದ್ರೆ ಇವತ್ತು ಇವರ ಗಂಟಲು ನಿಜವಾಗ್ಲೂ ಹೋಗಿರ್ತಿತ್ತು."

"ಆಯ್ತಪ್ಪಾ, ಆಯ್ತು. ಜನ ಕಾಯ್ತಿದಾರೆ, ಕೂತ್ಕೋ."

ವೈರು ಕೂರಲಿಲ್ಲ. ಒಳಗಿನ ಗೋಡೆಯ ಮೊಳೆಗೆ ನೇತುಹಾಕಿದ್ದ ಕಪ್ಪು ಕೇಬಲನ್ನು ತಂದ. ಸಭಾಂಗಣದ ಮೈಕಿನಿಂದ ಕ್ಯಾಮೆರಾಕ್ಕೆ ಧ್ವನಿ ತರುವ ಕೇಬಲ್. ಮಾಲೀಕರು ಸ್ವಂತ ಕೈಯಿಂದ ಬೆಸುಗೆ ಹಾಕಿದ್ದು, ಬೇರೆಯವರು ಮುಟ್ಟುವಂತಿರಲಿಲ್ಲ. ಅಂಗಡಿಯ ಎರಡು ದೊಡ್ಡ ಸ್ಪೀಕರುಗಳ ನಡುವೆ ಕೂತು, "ಸೌಂಡು ಎಷ್ಟು ಅಗಲವಾಗಿ ಬಂದಿದೆ ನೋಡ್ರೋ" ಅಂತ ಅವರು ಮೀಸೆ ತಿರುವಿದ್ದನ್ನು ವೈರು ಎಷ್ಟೋ ಸಲ ನೋಡಿದ್ದ.

ಮಾಲೀಕರು ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಕೇಬಲ್ ಸುದ್ದಿ ಇಲ್ಲಿ ಎತ್ತಬೇಡ. ಒಳಗೆ ಬಾ, ಮಾತಾಡೋಣ."

"ನೀವು ಬೈದದ್ದು ಹೊರಗೆ ಸಾರ್."

ಕ್ಯಾಮೆರಾಕ್ಕೆ ಸಿಕ್ಕಿಸುವ ತುದಿಯ ಪಿನ್ನಿನ ಮುಚ್ಚಳ ತಿರುಗಿಸಿ ಬಿಚ್ಚಿದ. ಕತ್ತರಿ ಹಿಡಿದ ಅಕ್ಕನೂ ಇಣುಕಿದಳು. "ಮೈಕಿನ ಕಡೆಯಿಂದ ಒಂದೇ ಮಾತನ್ನ ಎರಡು ತಂತಿ ಹೊತ್ಕೊಂಡು ಬರ್ತವೆ. ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗೆ. ಇಲ್ಲಿ ಅವನ್ನ ಎಡಕ್ಕೊಂದು ಬಲಕ್ಕೊಂದು ಬೆಸೆದಿದಾರೆ. ಎರಡು ಸ್ಪೀಕರ್ ಇದ್ರೆ ಬೇರೆ ಬೇರೆ ಬಂದು ಕೇಳುತ್ತೆ. ಫೋನಲ್ಲಿ ಒಂದನ್ನೊಂದು ತಿಂದ್ಹಾಕುತ್ತೆ."

ಚೌಕಳಿ ಶರ್ಟಿನವನು ಬೆಂಚಿನಿಂದ ಎದ್ದ. ನಗು ಎಲ್ಲೋ ಇಳಿದುಹೋಗಿತ್ತು. "ಒಂದ್ನಿಮಿಷ. ನನ್ನ ತಂಗಿ ಮದುವೇಲಿ ನಮ್ಮಪ್ಪ ಎರಡು ಮಾತಾಡಿದ್ರು. ಅದೂ ಫೋನಲ್ಲಿ ಕೇಳ್ತಾನೇ ಇಲ್ಲ. ಅಪ್ಪನ ದನಿ ಸಣ್ಣದು, ಮೈಕಿಗೆ ಎಟುಕಿಲ್ಲ ಅಂದ್ರಲ್ಲ ನೀವು?"

ಮಾಲೀಕರ ಮುಖ ಇಂಗು ತಿಂದ ಮಂಗನಂತಾಯಿತು.

"ನಿಮ್ಮ ಅಪ್ಪನ ದನಿ ಸರಿಯಾಗೇ ಇದೆ," ಅಂದ ವೈರು. "ಆ ವಿಡಿಯೋ ತಗೊಂಡು ಯಾರ ಹತ್ರ ಬೇಕಾದ್ರೂ ಹೋಗಿ. ಒಂದೇ ಕಿವಿಯ ಸೌಂಡ್ ತೆಗೆದುಕೊಡಿ ಅನ್ನಿ, ಸಾಕು."

ಆಮೇಲೆ ಅಕ್ಕನ ಕತ್ತರಿಗೆ ಕೈಚಾಚಿದ. ಅವಳು ಮಾಲೀಕರನ್ನು ನೋಡಿದಳು, ವೈರುವನ್ನು ನೋಡಿದಳು, ಹಿಡಿಕೆಯ ಕಡೆಯಿಂದ ಕೊಟ್ಟಳು. ವೈರು ಕೇಬಲನ್ನು ಪಿನ್ನಿನ ಬುಡಕ್ಕೇ ಕಚಕ್ಕನೆ ಕತ್ತರಿಸಿ, ಎರಡು ತುಂಡನ್ನೂ ಮಾಲೀಕರ ಮುಂದಿಟ್ಟ.

"ಬೆಸೆಯೋಕೆ ಬರೋರು ಬೆಸ್ಕೊಳ್ಳಲಿ. ಇನ್ನೊಬ್ಬರ ಬಾಯಿ ಹೋಗೋದು ಬೇಡ."

"ಎಷ್ಟೋ ಕೊಬ್ಬು ನಿಂಗೆ!" ಮಾಲೀಕರ ದನಿ ಮೇಲೇರಿ ಅರ್ಧಕ್ಕೇ ಇಳಿಯಿತು, ನಾಲ್ಕು ಜೊತೆ ಕಣ್ಣು ಈಗ ಅವರ ಮೇಲಿತ್ತು. ಟೇಲರಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಸೆರಗಿನೊಳಗಿಂದ ಮೈಕಣ್ಣ ಇನ್ನೂ ಬಸ್ಸು ಹೊರಡಿಸುತ್ತಲೇ ಇದ್ದರು. ಹೊರಗಿನ ಮೈಕಣ್ಣ ಕೌಂಟರಿನ ಮೇಲೆ ಗೆಣ್ಣಿನಿಂದ ಮೂರು ಸಲ ಕುಟ್ಟಿದರು. ಹೆಂಡತಿಯನ್ನು ಕರೆದದ್ದಲ್ಲ. ವೈರು ನೋಡಿದ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ವೈರು ತನ್ನ ಇಯರ್‌ಫೋನನ್ನು ಸುರುಳಿ ಸುತ್ತಿ ಜೇಬಿಗಿಳಿಸಿದ. ಆ ಅಂಗಡಿಯಲ್ಲಿ ಅವನದು ಅಂತ ಇದ್ದದ್ದು ಅದೊಂದೇ. ಮೆಟ್ಟಿಲಿಳಿದ.

"ಏಯ್ ವೈರೂ!" ಮಾಲೀಕರು ಬಾಗಿಲಿಗೆ ಬಂದರು. "ಎಲ್ಲಿಗೋ? ಭಾನುವಾರ ಎರಡು ಆರ್ಡರ್ ಇದೆ ಕಣೋ. ಕೇಬಲ್ ಯಾರು ಮಾಡ್ತಾರೆ?"

ವೈರು ಬೀದಿ ದಾಟಿದ.

"ಏನೋ ಒಂದು ಮಾತು ಬಂತಪ್ಪ, ಅದಕ್ಕೆ ಇಷ್ಟೊಂದಾ? ನಾಳೆ ಬರ್ತೀಯೋ ಇಲ್ವೋ, ಅದಾದ್ರೂ ಹೇಳಿ ಹೋಗೋ! ಕೇಳಿಸ್ತಾ ಇದೆಯೇನೋ?"

ಚೆನ್ನಾಗಿಯೇ ಕೇಳಿಸುತ್ತಿತ್ತು, ಎರಡು ಕಿವಿಗೂ. ಅವನು ತಿರುಗಲಿಲ್ಲ, ನಿಲ್ಲಲಿಲ್ಲ. ಹೆಜ್ಜೆ ಹಾಕುತ್ತ ಮೂಲೆ ತಿರುಗಿದ.