ಜೆರಾಕ್ಸಿನ ಧೂಳು

“ಇಂಗ್ಲಿಷ್‌ದಾಗ ಎರಡ ಸಲ ನಪಾಸಾದ ಕೋಣ ಇದು. ಇದರ ಬಾಯಾಗ ಸ್ಪ್ಯಾನಿಶ್ ತುರುಕಿದ್ರ ಏನ್ ಹೊರಗ ಬರ್ತೈತಿ? ಸೆಗಣಿ!”

ಬಸಂತರಾಯ ಮಾಸ್ತರು ನನ್ನನ್ನು ತೋರಿಸಿ ಹೀಗೆಂದಾಗ ಗೈಬುಸಾಬನ ಚಹದಂಗಡಿಯಲ್ಲಿ ಇಂಡಿ ಊರಿನ ಲಿಂಬೆ ಬಜಾರಿನ ಹಮಾಲರೆಲ್ಲ ಕೂತಿದ್ದರು. ಎಲ್ಲರೂ ನಕ್ಕರು. ಪಿಲಾರ್ ಮಾತ್ರ ನಗಲಿಲ್ಲ. ಅವಳಿಗೆ ಕನ್ನಡ ಬರುತ್ತಿರಲಿಲ್ಲ.

ಪಿಲಾರ್ ಸ್ಪೇನಿನವಳು. ಅಲ್ಲಿಯೂ ಲಿಂಬೆ ಬೆಳೆಯುತ್ತಾರಂತೆ. ನಮ್ಮ ಕಡೆಯ ತೋಟ ನೋಡಲು ಆ ಚಳಿಗಾಲದಲ್ಲಿ ಬಂದಿದ್ದಳು. ಇಂಗ್ಲಿಷ್ ಬರುತ್ತದೆಂದು ಮಾಸ್ತರು ಅವಳ ಜೊತೆ ತಿರುಗುತ್ತಿದ್ದರು. ತೋಟದವರು ಹತ್ತು ಮಾತು ಹೇಳಿದರೆ ಇವರು ಎರಡು ದಾಟಿಸುತ್ತಿದ್ದರು. ಲಿಂಬೆ ಆರಿಸುತ್ತ ಕೂತಿದ್ದ ನಾನು ಅದಕ್ಕೆ ಸಿಡುಕುವುದು ಅವಳ ಕಣ್ಣಿಗೆ ಬಿತ್ತು. ಇಂಗ್ಲಿಷ್ ಅರ್ಥವಿದ್ದ ತನ್ನ ಸ್ಪ್ಯಾನಿಶ್ ವ್ಯಾಕರಣದ ಪುಸ್ತಕವನ್ನು ನನಗೆ ಒಂದು ದಿನದ ಮಟ್ಟಿಗೆ ಕೊಟ್ಟು ಏನೋ ಹೇಳಿದಳು. ಲಿಂಬೆ ಕಚ್ಚಿದವರ ಮುಖ ಮಾಡಿ ಮಾಸ್ತರೇ ಅದನ್ನು ಕನ್ನಡಕ್ಕೆ ತಂದರು: “ನಿನ್ನೆ ಯಾರ ಏನ್ ಮಾಡಿದ್ರು ಅಂತ ಹೇಳಾಕ ಕಲತ್ರ, ಹೊರ್ತಿ, ಗೊಳಸಂಗಿ ತೋಟಕ್ಕ ಮಾತ ದಾಟಸಾಕ ನಿನ್ನ ಕರಕೊಂಡ ಹೋಗತಾಳಂತ.”

ಬಸ್ ಸ್ಟ್ಯಾಂಡಿನ ಎದುರು ಎಂಟು ಪುಟ ಜೆರಾಕ್ಸ್ ಮಾಡಿಸಿದೆ. ಹಾಳೆಯ ತುಂಬ ಕರಿ ಚುಕ್ಕೆ, ಕರಿ ಗೀರು. ಆ ಕೊಳೆಯನ್ನೆಲ್ಲ ಬಿಟ್ಟು ನೋಟ್‌ಬುಕ್ಕಿಗೆ ಅವೇ ಇಂಗ್ಲಿಷ್ ಅಕ್ಷರಗಳಲ್ಲಿ ಚೊಕ್ಕವಾಗಿ ಇಳಿಸಿಕೊಂಡೆ. ಕಾಮಿನಾರ್ ಅಂದರೆ ನಡೆಯುವುದು. ಕಾಮಿನೆ, ನಡೆದೆ. ಕಾಮಿನಾಸ್ತೆ, ನಡೆದಿ. ಕಾಮಿನೊ, ನಡೆದ. ಕಾಮಿನಾಮೊಸ್, ನಡೆದೆವು. ಕಾಮಿನಾಸ್ತೇಯ್ಸ್, ನಡೆದಿರಿ. ಕಾಮಿನಾರೊನ್, ನಡೆದರು.

ಮೈ ಜುಮ್ಮೆಂದಿತು. ಇಂಗ್ಲಿಷಿನಲ್ಲಿ ನಾನು ನಡೆದರೂ ವಾಕ್ಡ್, ನೀನು ನಡೆದರೂ ವಾಕ್ಡ್, ಊರಿಗೆ ಊರೇ ನಡೆದರೂ ವಾಕ್ಡ್. ಇಲ್ಲಿ ನಮ್ಮ ಮಾತಿನ ಹಾಗೆಯೇ ನಡೆದವನು ಪದದ ಬಾಲದಲ್ಲೇ ಕೂತಿದ್ದ. ಇದನ್ನು ಮೊದಲೇ ಕಲಿಸಿದ್ದರೆ ನಾನು ಸಾಲಿ ಬಿಡುತ್ತಿದ್ದೆನೇ?

ಮಧ್ಯಾಹ್ನ ಲಿಂಬೆ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದರೆ ಆ ಆರೂ ಮಾತುಗಳು ಹೊರ್ತಿ ದಾರಿಯಲ್ಲಿ ಸಾಲಾಗಿ ಹೋಗುತ್ತಿದ್ದವು. ಧೂಳು ಏಳುತ್ತಿರಲಿಲ್ಲ. ಕಾಮಿನಾಮೊಸ್ ಮಾತ್ರ ವಿಚಿತ್ರ. ನಿನ್ನೆ ನಡೆದೆವು ಅಂದರೂ ಅದೇ, ಇವತ್ತು ನಡೆಯುತ್ತೇವೆ ಅಂದರೂ ಅದೇ. ಅದರೊಳಗೆ ಪಿಲಾರ್ ಮುಂದೆ, ನಾನು ಹಿಂದೆ. ಬಿಸಿಲು ಇಳಿಯುತ್ತಲೇ ಇತ್ತು, ಮುಳುಗುತ್ತಿರಲಿಲ್ಲ.

ಪರೀಕ್ಷೆ ನಡೆದದ್ದು ಗೈಬುಸಾಬನ ಅಂಗಡಿಯಲ್ಲೇ. ತೋಟದ ಮುದುಕ ಭೀಮಶ್ಯಾ ತನ್ನ ಅಪ್ಪನ ಕಥೆ ಹೇಳಿದ: “ಗೊಳಸಂಗಿಯಿಂದ ಸಸಿ ತಲಿ ಮ್ಯಾಲ ಇಟಗೊಂಡು ನಡದ ಬಂದಾನ್ರಿ ನಮ್ಮಪ್ಪ.” ನಾನು ಎದ್ದುನಿಂತು ಹೇಳಿದೆ: “ಕಾಮಿನೊ.”

ಪಿಲಾರ್ ಅಚ್ಚರಿಯಿಂದ ನನ್ನನ್ನೇ ನೋಡಿ “ಆದೊಂದೆ ಬಾಸ್?” ಅಂದಳು. ಆಮೇಲೆ ಮಾಸ್ತರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವರು ಚಹದ ಬಸಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಲ್ಲಿ ಹೊಂಟಿ ಅಂತ ಕೇಳಾಕತ್ತಾಳಲೇ! ಮುದುಕನ ಅಪ್ಪ ನಡದಾ ಅನ್ನಂದ್ರ, ನಾ ನಡೀತೇನಿ ಅಂದಿಯಂತ!” ಅದರ ಬೆನ್ನಿಗೇ ಆ ಕೋಣದ ಮಾತು, ಆ ಸೆಗಣಿಯ ಮಾತು.

ಪಿಲಾರ್ ನನ್ನ ನೋಟ್‌ಬುಕ್ ಎಳೆದುಕೊಂಡು ಆ ಪದದ ಕೊನೆಯ ಅಕ್ಷರದ ಮೇಲೆ ಓರೆಯಾಗಿ ಒಂದು ಗೀರು ಎಳೆದಳು. “ಕಾಮಿ-ನೋ,” ಅಂದಳು, ಕೊನೆಗೆ ಒತ್ತಿ. ಗೀರು ಇದ್ದರೆ ಅವನು ನಡೆದ. ಇಲ್ಲದಿದ್ದರೆ ನಾನು ನಡೆಯುತ್ತೇನೆ. ನಾನು ಜೆರಾಕ್ಸಿನ ಧೂಳೆಂದು ಬಿಟ್ಟಿದ್ದು ಅದನ್ನೇ.

“ನಾಳಿಂದ ಈಕಿ ಜೋಡಿ ನಮ್ಮ ಸಿದ್ದಾರೂಢನ್ನ ಕಳಸ್ತೇನಿ,” ಅಂದರು ಮಾಸ್ತರು, ಮಗನ ಹೆಸರನ್ನು ಎಲ್ಲರಿಗೂ ಕೇಳುವಂತೆ. “ಬಿ.ಎ. ಆಗ್ಯಾನ.” ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು. ಪಿಲಾರ್ ತಲೆ ತಗ್ಗಿಸಿ, ನಿಧಾನಕ್ಕೆ, ಹೂಂ ಅನ್ನುವಂತೆ ಆಡಿಸಿದಳು.

ಧೂಳೆಂದುಕೊಂಡೆ ಅಂತ ಹೇಳಬಹುದಿತ್ತು. ಹೇಳಿದ್ದರೆ ಹಮಾಲರು ಇನ್ನೊಂದು ಸಲ ನಗುತ್ತಿದ್ದರು, ಮಾಸ್ತರು ಇನ್ನೊಂದು ಚಹ ಹೇಳುತ್ತಿದ್ದರು. ನೋಟ್‌ಬುಕ್ ಅಲ್ಲೇ ಬಿಟ್ಟು ಹೊರಬಿದ್ದೆ.

“ಏ ಮಾನ್ಯಾ, ಎಲ್ಲಿ ಹೊಂಟ್ಯೋ?” ಗೈಬುಸಾಬ ನನ್ನನ್ನು ಕೂಗಿದ.

ಅದೇ ಪ್ರಶ್ನೆಯನ್ನು ಪಿಲಾರ್ ತನ್ನ ಮಾತಿನಲ್ಲಿ ಮತ್ತೆ ಕೇಳಿದಳು, ಮೆಲ್ಲಗೆ. ಈ ಸಲ ಮಾಸ್ತರು ಬೇಕಾಗಲಿಲ್ಲ, ತಿಳಿಯಿತು. ನಾನು ಹಿಂದೆ ನೋಡಲಿಲ್ಲ. ಹೊರ್ತಿ ದಾರಿ ಹಿಡಿದು, ಒಂದೊಂದು ಹೆಜ್ಜೆಯ ಕೊನೆಗೂ ಒತ್ತಿ ಒತ್ತಿ ನಡೆದೆ.