ಎರಡನೆಯ ಗುಂಡು

ಮೊದಲ ಗುಂಡು ಕಯೋಟಿ ಎಂಬ ಸಣ್ಣ ತೋಳದ ಬಾಲದ ಹಿಂದೆ ಹಿಮ ಚಿಮ್ಮಿಸಿತು. ನೋಲಾ ಮತ್ತೆ ಟ್ರಿಗರ್ ಒತ್ತಿದಳು. ಬಂದೂಕು ಮಾತಾಡಲಿಲ್ಲ. ತಾನಾಗಿ ಹೊರಗೆ ಹಾರಬೇಕಿದ್ದ ಖಾಲಿ ತೋಟಾ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಮರಗಟ್ಟಿದ ಬೆರಳಲ್ಲಿ ಅದನ್ನು ಕೀಳುವಷ್ಟರಲ್ಲಿ ಕಯೋಟಿ ಅವಳ ಕುರಿಹಿಂಡಿಗೆ ನುಗ್ಗಿ ಒಂದು ಮರಿಯ ಕುತ್ತಿಗೆ ಹಿಡಿದಿತ್ತು. ಅವಳು ಕೂಗುತ್ತ ಓಡಿದಳು. ಅದು ಮರಿಯನ್ನು ಬಿಟ್ಟು ಹೋಯಿತು. ಮರಿ ಸತ್ತಿತ್ತು.

ಮರಿಯನ್ನೂ ಬಂದೂಕನ್ನೂ ಪಿಕಪ್ಪಿಗೆ ಹಾಕಿಕೊಂಡು ಅವಳು ನೇರ ತನ್ನ ತಮ್ಮ ಗಾರ್ತ್‌ನ ಶೆಡ್ಡಿಗೆ ಹೋದಳು. ಊರವರ ಬಂದೂಕುಗಳನ್ನೆಲ್ಲ ರಿಪೇರಿ ಮಾಡುವವನು ಅವನೇ. ಅವಳ ಬಲಭುಜದ ಆಪರೇಷನ್ ಆದಮೇಲೆ, ಗುಂಡು ಹಾರಿದಾಗ ಭುಜಕ್ಕೆ ಬೀಳುವ ಒದೆತ ಕಡಿಮೆ ಮಾಡಿಕೊಡುತ್ತೇನೆ ಎಂದು ಸೆಪ್ಟೆಂಬರಿನಲ್ಲಿ ಈ ಬಂದೂಕನ್ನು ತೆಗೆದುಕೊಂಡು ಹೋಗಿದ್ದವನೂ ಅವನೇ.

ಅವಳು ಮರಿಯನ್ನು ಅವನ ಕೆಲಸದ ಮೇಜಿನ ಮೇಲೆ ಎಸೆದಳು.

"ಅಯ್ಯೋ, ಇದೇನೇ ಇದು!" ಗಾರ್ತ್ ಕಾಫಿ ಲೋಟ ಎತ್ತಿ ಹಿಡಿದ.

"ನಿನ್ನ ಕೈಚಳಕ. ಬೆಕ್ಕಿನಮರಿ ಹಂಗೆ ಒದೆಯುತ್ತೆ ಅಂತ ಮೇವಿನಂಗಡೀಲಿ ಕೊಚ್ಚಿಕೊಂಡ್ಯಲ್ಲ? ಎರಡನೇ ಗುಂಡೇ ಏರಲ್ಲ. ಏನು ಮಾಡಿದ್ದೀಯ ಇದಕ್ಕೆ?"

ಗಾರ್ತ್ ನಳಿಕೆಯ ಪಕ್ಕದ ಸಣ್ಣ ತಿರುಪನ್ನು ನೋಡಿದ. ಗುಂಡು ಹಾರಿದಾಗ ಹುಟ್ಟುವ ಅನಿಲ ಹಿಂದಕ್ಕೆ ನುಗ್ಗಿ ಮುಂದಿನ ತೋಟಾ ಏರಿಸಬೇಕು. ಆ ಅನಿಲವನ್ನು ಹೆಚ್ಚು ಕಮ್ಮಿ ಮಾಡುವ ನಲ್ಲಿ ಈ ತಿರುಪೇ.

"ಸ್ವಲ್ಪ ಬಿಗಿ ಮಾಡಿದ್ದೆ. ಅನಿಲ ಕಮ್ಮಿ ಆದರೆ ಏಟೂ ಕಮ್ಮಿ. ಅವತ್ತು ಬಿಸಿಲಲ್ಲಿ ಬೆಣ್ಣೆ ಹಂಗೆ ಓಡ್ತಿತ್ತು."

"ಇದು ಏಪ್ರಿಲ್ ಕಣೋ, ಇಲ್ಲಿ ಹಿಮ ಇನ್ನೂ ಕರಗಿಲ್ಲ. ಎಣ್ಣೆ ಗಟ್ಟಿಯಾಗಿ ಗೋಂದಾಗಿದೆ. ಚಳೀಲಿ ಅಷ್ಟು ಅನಿಲ ಸಾಲಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ?"

ಗಾರ್ತ್ ಒಂದು ಬಟ್ಟೆಚೂರು ಎತ್ತಿಕೊಂಡು ತಿರುಪನ್ನು ಒರೆಸತೊಡಗಿದ.

"ಗೊತ್ತಿತ್ತು! ಗೊತ್ತಿದ್ದೂ ಹೇಳಲಿಲ್ಲ!"

"ಹೇಳಿದ್ರೆ ನೀನು ತಿರುಪು ಸಡಿಲಿಸು ಅಂತಿದ್ದೆ. ನಿನ್ನ ಭುಜ ನೋಡಿದ್ದೀಯಾ? ಕಾವಲಿಗೆ ನನ್ನ ಆಳನ್ನ ಕಳಿಸ್ತೀನಿ ಅಂದ್ರೂ ಕೇಳಲ್ಲ."

"ನನ್ನ ಹಿಂಡು ಕಾಯೋಕೆ ನಿನ್ನ ಆಳಾ? ನಾಳೆ ಹಿಂಡನ್ನೂ ಮಾರು ಅಂತೀಯ."

ಚಳಿಗಾಲದಲ್ಲಿ ತಾನೇ ಒಮ್ಮೆ ಹಾರಿಸಿ ನೋಡಬೇಕಿತ್ತು ಎಂಬುದು ಅವಳಿಗೂ ಗೊತ್ತಿತ್ತು. ಹಗುರಾದ ಏಟಿನ ಸುಖಕ್ಕೆ ಸುಮ್ಮನಾಗಿದ್ದಳು. ಅದು ನೆನಪಾಗಿ ಸಿಟ್ಟು ಇನ್ನೂ ಏರಿತು. ಗಾರ್ತ್ ಮರಿಯನ್ನು ಪಕ್ಕಕ್ಕೆ ಸರಿಸಹೋದ.

"ಮುಟ್ಟಬೇಡ! ಚರ್ಮ ಬೇಕು ನಂಗೆ. ತಬ್ಬಲಿ ಮರಿಗೆ ಹೊದಿಸಿದ್ರೆ ಇದರ ತಾಯಿ ವಾಸನೆಗೆ ತನ್ನದೇ ಅಂದ್ಕೊಂಡು ಹಾಲು ಕೊಡ್ತಾಳೆ. ಆ ತಿರುಪು ಬಿಚ್ಚೋ ಕೀಲಿ ಕೊಡು ಇಲ್ಲಿ."

ತಿರುಪನ್ನು ಅವಳೇ ಸಡಿಲಿಸಿದಳು. ಹೊರಗೆ ಹೋಗಿ ಮಣ್ಣುದಿಬ್ಬಕ್ಕೆ ಒಂದಾದಮೇಲೊಂದು ಹಾರಿಸಿದಳು. ಖಾಲಿ ತೋಟಾಗಳು ಸಲೀಸಾಗಿ ಹಿಮಕ್ಕೆ ಹಾರಿ ಬಿದ್ದವು. ಒಳಗೆ ಬಂದಾಗ ಭುಜದ ನೋವಿಗೆ ಅವಳ ತುಟಿ ಬಿಳಿಚಿಕೊಂಡಿತ್ತು.

"ಬಂದೂಕಿನ ಹಿಡಿಯೊಳಗೆ ಸೀಸ ತುಂಬು. ಹಿಂದೆ ಭುಜಕ್ಕೆ ತಾಗೋ ಕಡೆ ದಪ್ಪ ರಬ್ಬರ್ ಹಾಕು. ತೂಕ ಜಾಸ್ತಿಯಾದ್ರೆ ಒದೆತ ಮೆತ್ತಗಾಗುತ್ತೆ, ಅಲ್ವಾ?"

"ಆಗುತ್ತೆ. ಆದ್ರೆ ಹೊತ್ಕೊಂಡು ಗುಡ್ಡ ಹತ್ತೋಕೆ ಆಗಲ್ಲ ನಿಂಗೆ."

"ಹೊರೋಳು ನಾನು. ತುಂಬು."

ಗಾರ್ತ್ ಸೀಸ ತುಂಬಿದ. ಅವಳು ಪಕ್ಕದಲ್ಲೇ ನಿಂತು, ತಿರುಪಿಗೆ ಅವನ ಕೈ ಹೋಗುತ್ತದೋ ಎಂದು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಕಯೋಟಿ ಹಿಂಡಿನ ಪಕ್ಕದ ಹಳ್ಳದಿಂದ ಮತ್ತೆ ಮೇಲೆ ಬಂತು. ಬಂದೂಕು ಕಬ್ಬಿಣದ ಕಂಬದಂತೆ ಭಾರವಾಗಿತ್ತು. ಬೇಲಿಗೂಟಕ್ಕೆ ಆನಿಸಿ ಗುರಿ ಹಿಡಿದಳು. ಮೊದಲ ಗುಂಡು ಮತ್ತೆ ತಪ್ಪಿತು. ಕಯೋಟಿ ಹಿಂಡಿನತ್ತ ತಿರುಗಿತು. ಅವಳು ಉಸಿರು ಬಿಟ್ಟು ಒತ್ತಿದಳು. ಎರಡನೆಯದು ಅದನ್ನು ಅಲ್ಲೇ ಕೆಡವಿತು.

ಭುಜ ಕೆಂಡವಾಗಿತ್ತು. ಎಡಗೈಯಲ್ಲಿ ಪಿಕಪ್ಪಿನ ಬಾಗಿಲು ತೆಗೆದು, ಗಾರ್ತ್‌ನನ್ನು ಗಟ್ಟಿಯಾಗಿ ಬೈಯುತ್ತ, ಅವಳು ಕುರಿಗಳಿಗೆ ಹುಲ್ಲು ಇಳಿಸತೊಡಗಿದಳು.