ಕ್ರೇನಕ್ಕ ಶಾಲೆಗೆ ಹೋದದ್ದು

ಕೆಲಸವಿದೆ, ತಲೆಯ ಮೇಲೊಂದು ಸೂರಿದೆ, ಆದರೆ ಬಾಯಿ ತುಂಬಾ ಮಾತಾಡಲು ಜನವಿಲ್ಲ. ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರಿರಬಹುದು. ನಮ್ಮ ಕ್ರೇನಕ್ಕ ಅಂಥವಳು.

ಹದಿನಾಲ್ಕು ಮಹಡಿಯ ಕಟ್ಟಡ ಏಳುತ್ತಿರುವ ಕಡೆ ಅವಳಿಗೆ ಕೆಲಸ. ಬೆಳಿಗ್ಗೆ ಕಬ್ಬಿಣದ ಏಣಿ ಹತ್ತಿ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತಳೆಂದರೆ ಇಳಿಯುವುದು ಸಂಜೆಗೇ. ಮಧ್ಯಾಹ್ನದ ಡಬ್ಬಿಯೂ ಅಲ್ಲೇ. ಸುತ್ತಲಿನ ಮನೆಗಳ ತಾರಸಿ ಪೂರಾ ಕಾಣುತ್ತದೆ. ಯಾರು ಬಟ್ಟೆ ಒಣಹಾಕಿದರು, ಯಾರ ಟ್ಯಾಂಕಿನ ಮುಚ್ಚಳ ಹಾರಿಹೋಗಿದೆ, ಎಲ್ಲಾ ಅವಳಿಗೆ ಗೊತ್ತು. ಆ ಮನೆಗಳಲ್ಲಿ ಒಬ್ಬರಿಗೂ ಇವಳು ಗೊತ್ತಿಲ್ಲ. ಕೆಳಗಿನವರ ಜೊತೆ ವಾಕಿಟಾಕಿಯಲ್ಲಿ ಮಾತುಂಟು, ಅದೂ "ಎತ್ತು", "ಇಳಿಸು", "ನಿಲ್ಸು", ಅಷ್ಟೇ.

ಕೆಳಗೆ ನಿಂತು ಹಾಗೆ ಹೇಳುವವನು ಸಿಗ್ನಲ್ ಮಾಮ. ಬಾಯಿ ಸುಮ್ಮನಿಟ್ಟುಕೊಳ್ಳುವ ಆಸಾಮಿಯಲ್ಲ. ಒಂದು ಶುಕ್ರವಾರ ಗಾಳಿ ಜೋರಾಗಿ ಎತ್ತುವ ಕೆಲಸ ಬಂದ್ ಆಯಿತು. ಮಾಮನಿಗೆ ಅಷ್ಟೇ ಸಾಕಾಗಿತ್ತು, ವಾಕಿಟಾಕಿ ಎತ್ತಿಕೊಂಡ.

"ಕ್ರೇನಕ್ಕ, ನೀನು ಓದಿದ ಹೈಸ್ಕೂಲಲ್ಲೇ ನನ್ನ ಮಗಳು ಹತ್ತನೇ ಕ್ಲಾಸು. ನಾಳೆ ಅಲ್ಲಿ ಹಳೇ ವಿದ್ಯಾರ್ಥಿಗಳನ್ನ ಕರೆಸ್ತಿದಾರೆ. ನೀವು ಏನು ಕೆಲಸ ಮಾಡ್ತೀರಿ, ಅದಕ್ಕೆ ಹೇಗೆ ಬಂದ್ರಿ ಅಂತ ಮಕ್ಕಳಿಗೆ ಹೇಳ್ಬೇಕಂತೆ. ನಾಳೆ ನಿನಗೆ ರಜ ತಾನೆ? ಹೋಗು."

"ಡಾಕ್ಟ್ರನ್ನ ಕರೀಲಿ ಮಾಮ. ನಾನು ಲೆಕ್ಕದಲ್ಲಿ ಡುಮ್ಕಿ ಹೊಡೆದವಳು."

"ಡಾಕ್ಟ್ರು, ಇಂಜಿನಿಯರ್ರು, ಪೊಲೀಸು, ಟೀಚರ್ರು. ಇಡೀ ಕ್ಲಾಸಿಗೆ ಗೊತ್ತಿರೋದೇ ನಾಲ್ಕು ಕೆಲಸ ಕಣಮ್ಮ. ನನ್ನ ಮಗಳ ಗೆಳತಿಯರು ಕ್ರೇನು ತಾನಾಗೇ ಓಡುತ್ತೆ ಅಂದ್ಕೊಂಡಿದಾರೆ! ಒಳಗೊಬ್ಬರು ಕೂತಿರ್ತಾರೆ ಅಂತಾನೇ ಗೊತ್ತಿಲ್ಲ."

ಕ್ರೇನಕ್ಕನಿಗೆ ರೇಗಿತೋ, ಅಳು ಬಂತೋ, ಅವಳಿಗೇ ತಿಳಿಯಲಿಲ್ಲ. ವಾಕಿಟಾಕಿಯ ಗುಂಡಿಯನ್ನು ಒತ್ತಿ ಹಿಡಿದು ಶುರು ಮಾಡಿದಳು.

"ಆ ಶಾಲೆ ನನಗೇನು ಕೊಡ್ತು ಗೊತ್ತಾ? ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದೆ. ಎಲ್ಲರಿಗಿಂತ ಒಂದು ಗೇಣು ಎತ್ತರ. 'ಕಂಬ' ಅಂತ ಹೆಸರಿಟ್ರು. ನಾನು ನಿಂತ್ರೆ ಸಾಲು ಕೆಡುತ್ತೆ ಅಂತ ಡ್ರಿಲ್ ಟೀಚರ್ ಕೈಗೊಂದು ಸೀಟಿ ಕೊಟ್ಟು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿಸಿದ್ರು. ಯಾರ ಸಾಲು ಸೊಟ್ಟ ಅಂತ ಮೇಲಿಂದ ನೋಡಿ ಹೇಳು ಅಂದ್ರು. ಮೂರು ವರ್ಷ! ಕೆಳಗೆ ನಾನೂರು ಮಕ್ಕಳು, ಮೇಲೆ ನಾನೊಬ್ಳು. ಈಗಲೂ ಅದೇ ಕಥೆ. ಹನ್ನೊಂದು ವರ್ಷದಿಂದ ಒಬ್ಳೇ ಉಣ್ತೀನಿ. ಊಟ ಆಯ್ತಾ ಅಂತ ಒಬ್ರೂ ಕೇಳಲ್ಲ. ಒಂದಿನ ನಾನು ಬರದಿದ್ರೆ, ಕ್ರೇನ್ ಯಾಕೆ ನಿಂತಿದೆ ಅಂತಾರೆ, ಅವಳೆಲ್ಲಿ ಅನ್ನಲ್ಲ. ಇದನ್ನ ಹೋಗಿ ಮಕ್ಕಳಿಗೆ ಹೇಳ್ಲಾ?"

ಗುಂಡಿ ಬಿಟ್ಟಳು. ಬಿಟ್ಟ ಮೇಲೆ ನೆನಪಾಯಿತು. ಸೈಟಿಗೆಲ್ಲ ಇರುವುದು ಒಂದೇ ಲೈನು! ಗಾರೆಯವರು, ಪ್ಲಂಬರ್, ಇಂಜಿನಿಯರ್, ಎಲ್ಲರ ಸೊಂಟದಲ್ಲೂ ಅದೇ ಪೆಟ್ಟಿಗೆ. ಒಬ್ಬರು ಗುಂಡಿ ಒತ್ತಿ ಹಿಡಿದರೆ ಇನ್ನೊಬ್ಬರು ನಡುವೆ ಬಾಯಿ ಹಾಕಲೂ ಆಗುವುದಿಲ್ಲ. ಸಾಕು ಸಾಕು ಅಂತ ಮಾಮ ಕೆಳಗಿನಿಂದ ಎರಡೂ ಕೈ ಬೀಸುತ್ತಿದ್ದದ್ದು ಈಗ ಕಂಡಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿಯೋ ಹದಿನಾಲ್ಕು ಮಹಡಿ ಕೆಳಗಿತ್ತು.

ಪೆಟ್ಟಿಗೆ ಗರಗರ ಎಂದಿತು. ಆಮೇಲೆ ಕಂಬಿ ಕಟ್ಟುವ ಮೇಸ್ತ್ರಿಯ ದನಿ ಬಂತು.

"ತಪ್ಪಾಯ್ತು ಅಕ್ಕ, ಊಟ ಆಯ್ತಾ ಅಂತ ನಾನೂ ಕೇಳಿಲ್ಲ. ಹಿಂದಿನ ಸೈಟಲ್ಲಿ ಕಂಬಿ ಓಲಾಡಿ ನನ್ನ ಎರಡು ಬೆರಳು ಹೋಯ್ತು. ಇಲ್ಲಿ ಎರಡು ವರ್ಷದಿಂದ ಒಬ್ಬರಿಗೂ ತರಚಿಲ್ಲ. ನಾನು ತೋರಿಸಿದ ಗೆರೆ ಮೇಲೇ ತಂದು ಕೂರಿಸ್ತೀರಿ. ಮೇಲಿಂದ ಹೀಗೆ ನೋಡೋಕೆ ಎಲ್ಲಿ ಕಲಿತ್ರಿ ಅಂತ ಕೇಳ್ಬೇಕು ಅಂತಿದ್ದೆ. ಈಗ ಗೊತ್ತಾಯ್ತು."

ಕ್ರೇನಕ್ಕ ಗಾಜಿನಿಂದ ಬಗ್ಗಿ ಕೆಳಗೆ ಮೇಸ್ತ್ರಿಯನ್ನು ಹುಡುಕಿದಳು. ಕ್ರೇನ್ ತರಬೇತಿಯ ಮೊದಲ ದಿನ ನೆನಪಾಯಿತು. ಉಳಿದವರು ಎತ್ತಿದ ಹೊರೆ ಉಯ್ಯಾಲೆಯಾಡಿತ್ತು, ಅವಳದು ಸುಣ್ಣದಲ್ಲಿ ಬರೆದ ವೃತ್ತದ ನಟ್ಟನಡುವೆ ಹೋಗಿ ಕೂತಿತ್ತು. ಏನೋ ಅದೃಷ್ಟ ಅಂದುಕೊಂಡಿದ್ದಳು. ನಾನೂರು ಮಕ್ಕಳ ಸಾಲನ್ನು ಮೂರು ವರ್ಷ ಅಳೆದ ಕಣ್ಣು ಅದು ಎಂದು ಹೊಳೆದಿರಲಿಲ್ಲ. ಟೀಚರ್ ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೆಟ್ಟಿಲ ಮೇಲೆ ಕಲಿತದ್ದು ಅವಳ ಸ್ವಂತದ್ದು.

"ಭಾಷಣ ಬೇಡ ಕಣಮ್ಮ," ಅಂದ ಮಾಮ. "ಅರ್ಧ ಗಂಟೆ. ಈಗ ನಮಗೆ ಹೇಳಿದ್ದನ್ನೇ ಹೇಳು. ಫೇಲಾಗಿದ್ದೂ ಹೇಳು, ಮತ್ತೆ ಕಟ್ಟಿ ಪಾಸಾಗಿದ್ದೂ ಹೇಳು, ತರಬೇತಿ ಎಲ್ಲಿ ಸಿಗುತ್ತೆ ಅಂತಾನೂ ಹೇಳು."

"ನೋಡ್ತೀನಿ," ಅಂದಳು.

ಶನಿವಾರ ಶಾಲೆಯ ಗೇಟಿನ ತನಕ ಹೋಗಿ ಎರಡು ಸಲ ಹಿಂದಕ್ಕೆ ಬಂದಳು. ಮೂರನೇ ಸಲ ಒಳಗೆ ಹೋದಳು. ಅಷ್ಟೆತ್ತರದ ಏಣಿಯನ್ನು ದಿನಾ ಹತ್ತುವವಳು ಮಕ್ಕಳೆದುರು ಮೇಜಿನ ಅಂಚು ಹಿಡಿದು ನಿಂತಳು. ಆದರೂ ಹೇಳಿದಳು. ಡುಮ್ಕಿ ಹೊಡೆದದ್ದಕ್ಕೆ ಮಕ್ಕಳು ನಕ್ಕರು, ಕ್ರೇನಿನ ಎತ್ತರ ಕೇಳಿ ಬಾಯಿಬಿಟ್ಟರು.

ಕಿಟಕಿ ಪಕ್ಕ ಒಬ್ಬಳೇ ಕೂತಿದ್ದ ಹುಡುಗಿ ಎದ್ದಳು. "ಅಕ್ಕ, ಮೇಲೆ ಒಬ್ಬರೇ ಇದ್ರೆ ಬೇಜಾರಾಗಲ್ವಾ?"

'ಅಭ್ಯಾಸ ಆಗಿದೆ' ಎಂದು ಎಲ್ಲರಿಗೂ ಹೇಳುವ ಉತ್ತರ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಆಗುತ್ತೆ ಪುಟ್ಟಿ. ತುಂಬಾನೇ ಆಗುತ್ತೆ. ಕೆಲಸ ನನಗೆ ಇಷ್ಟ, ಬೇಜಾರು ಅದಕ್ಕಲ್ಲ. ನಿನ್ನ ವಯಸ್ಸಲ್ಲಿ, ನಾನು ಯಾರಿಗೂ ಬೇಡ ಅಂದ್ಕೊಂಡೆ. ಅದನ್ನ ಯಾರ ಹತ್ರಾನೂ ಹೇಳ್ಲಿಲ್ಲ. ನಿನ್ನೆವರೆಗೂ ಹೇಳಿರ್ಲಿಲ್ಲ. ನೀನು ಹಾಗೆ ಮಾಡ್ಬೇಡ."

ಹುಡುಗಿ ಕೂರಲಿಲ್ಲ. "ನನ್ನನ್ನೂ ಯಾರೂ ಸೇರಿಸ್ಕೊಳ್ಳಲ್ಲ ಅಕ್ಕ," ಎಂದಳು, ಇಡೀ ಕ್ಲಾಸಿನ ಮುಂದೆ.

ಈ ಸಲ ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಇಬ್ಬರು ತಲೆ ತಗ್ಗಿಸಿದರು. ಕ್ರೇನಕ್ಕ ಹೋಗಿ ಆ ಹುಡುಗಿಯ ಪಕ್ಕ ಕೂತಳು.

ಕೇಳಿದಿರಲ್ಲ, ಈಗ ನಿಮ್ಮ ಸರದಿ. ನೀವು ಲಾರಿ ಓಡಿಸುವವರಿರಲಿ, ಬಟ್ಟೆ ಹೊಲಿಯುವವರಿರಲಿ, ಎಕ್ಸ್‌ರೇ ತೆಗೆಯುವವರಿರಲಿ, ಕಲಿತ ಹೈಸ್ಕೂಲಿಗೆ ಈ ವಾರ ಒಂದು ಫೋನ್ ಮಾಡಿ. ಅರ್ಧ ಗಂಟೆ ಬರುತ್ತೇನೆ ಅನ್ನಿ. ಮೇಷ್ಟ್ರುಗಳೇ, ಕಡಿಮೆ ಅಂಕ ಬಂದವರನ್ನೂ ಮರೆಯದೆ ಕರೆಯಿರಿ. ಹಳೇ ವಿದ್ಯಾರ್ಥಿಗಳೇ, ನೀವು ಕೂರುತ್ತಿದ್ದ ಬೆಂಚಿನಲ್ಲೇ ಇವತ್ತು ಒಂದು ಮಗು, ತನ್ನಂಥವರು ಬೇರೆ ಯಾರೂ ಇಲ್ಲ ಅಂದುಕೊಂಡು ಕೂತಿದೆ. ನೀವಿದ್ದೀರಿ ಅಂತ ಅದಕ್ಕೆ ಹೋಗಿ ಹೇಳಿ.